ಲ್ಯಾಂಡ್‌ಲೈನಿಗೊಂದು ದಣಪೆ

ನಮ್ಮ ಮನೆಯ ಟೆಲಿಫೋನಿನ ರಿಸೀವರಿನ ಮೇಲೆ ನಾಲ್ಕು ಬೆರಳುಗಳ ಕಂದು ಗುರುತು ಇದೆ. ಹಸಿ ಅಡಿಕೆ ಸುಲಿಯುವಾಗ ಕೈಗೆ ಹತ್ತುವ ಚೊಗರಿನ ಕಲೆ ಅದು. ಸೋಪಿಗೂ ಸ್ಪಿರಿಟ್ಟಿಗೂ ಜಗ್ಗಿಲ್ಲ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಆಯಿ (ಅಮ್ಮ) ಮೆಟ್ಟುಗತ್ತಿಯ ಮುಂದೆ ಕುಳಿತಿರುವಾಗಲೇ ಜಗಲಿಯಲ್ಲಿ ಫೋನು ಹೊಡೆದುಕೊಳ್ಳುತ್ತದೆ, ಅವಳು ಕೈ ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಎದ್ದು ಹೋಗಿ ಎತ್ತುತ್ತಾಳೆ, ಆ ಕಡೆಯಿಂದ ಯಾರೋ ಹಿಂದಿಯಲ್ಲಿ ಸಾಲ ಬೇಕೇ ಎಂದು ಕೇಳುತ್ತಾರೆ. ಇಂಥ ಕರೆ ಬಂದಾಗಲೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ಒಂದು ಗೀಟು ಹಾಕು ಎಂದು ಹೇಳಿ ಹೋಗಿದ್ದೆ. ತಿಂಗಳ ಕೊನೆಗೆ ನೋಡಿದರೆ ಏಕಾದಶಿ ಯಾವುದು, ಸಂಕಷ್ಟಿ ಯಾವುದು ಎಂದು ಓದಲಾಗದಷ್ಟು ಗೀಟುಗಳು ಬಿದ್ದಿದ್ದವು.

ಲ್ಯಾಂಡ್‌ಲೈನ್ ತೆಗೆಸಿಬಿಡಿ ಎಂದು ಸಲಹೆ ಕೊಡುವವರು ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ದಾರಿಯ ಆಚೀಚಿನ ಕಣಿವೆಗಳನ್ನು ಒಮ್ಮೆ ನೋಡಬೇಕು. ತೋಟ ಕಣಿವೆಯ ತಳದಲ್ಲಿ, ಮನೆ ಅದರ ಪಕ್ಕದಲ್ಲಿ, ಮೊಬೈಲಿನ ಸಿಗ್ನಲ್ ಮಾತ್ರ ಮೇಲಿನ ಬೆಟ್ಟದಲ್ಲಿ. ನಮ್ಮ ತಾಮ್ರದ ತಂತಿ ಹೋಗಿ ಫೈಬರ್ ಬಂದ ಮೇಲೂ 08384ರ ಹಿಂದಿನ ಆರಂಕಿಯ ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡಿದ್ದೇವೆ, ಏಕೆಂದರೆ ನೆಂಟರಿಷ್ಟರಿಗೆ, ಪುರೋಹಿತರಿಗೆ, ಸೊಸೈಟಿಯವರಿಗೆ ಬಾಯಿಪಾಠವಾಗಿರುವುದು ಅದೊಂದೇ. ನಾನು ಹುಬ್ಬಳ್ಳಿಯಲ್ಲಿದ್ದು ಶನಿವಾರ ಮನೆಗೆ ಬರುವವನಾದ್ದರಿಂದ ಈ ಕರೆಗಳನ್ನು ತಡೆಯುವ ಕೆಲಸವೆಲ್ಲ ಶನಿವಾರ ರಾತ್ರಿ ಮತ್ತು ಭಾನುವಾರ ಬೆಳಿಗ್ಗೆಗಳಲ್ಲಿ ನಡೆಯಿತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೊದಲು ಮಾಡಿದ್ದು ಖರ್ಚಿಲ್ಲದ ಕೆಲಸ: ಅದೇ ಫೋನಿನಿಂದ 1909ಕ್ಕೆ ಕರೆ ಮಾಡಿ ಎಲ್ಲ ಬಗೆಯ ಜಾಹೀರಾತು ಕರೆಗಳೂ ಬೇಡವೆಂದು ನೋಂದಾಯಿಸಿದೆ. ಮೊಬೈಲಿನಿಂದಾದರೆ ಇದೇ ಸಂಖ್ಯೆಗೆ ಸಂದೇಶ ಕಳುಹಿಸಿದರೂ ಆಗುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ವ್ಯವಸ್ಥೆಯಲ್ಲಿ ನೋಂದಾಯಿತ ಮಾರಾಟ ಕರೆಗಾರರಿಗೆ 140 ಎಂದು ಆರಂಭವಾಗುವ ಸಂಖ್ಯೆಗಳಿವೆ. ಬ್ಯಾಂಕು, ವಿಮೆ ಮುಂತಾದವರ ಸೇವಾ ಕರೆಗಳಿಗೆ 1600ರ ಸರಣಿ ಬೇರೆ ಇದೆ. ನೋಂದಣಿಯಿಂದ ಕರೆಗಳು ಸ್ವಲ್ಪ ಕಡಿಮೆಯಾದವು, ನಿಲ್ಲಲಿಲ್ಲ. ಸಾಮಾನ್ಯ ಹತ್ತಂಕಿಯ ಮೊಬೈಲ್ ಸಂಖ್ಯೆಯಿಂದ ನಿಯಮದ ಹೊರಗೆ ನಿಂತು ಕರೆ ಮಾಡುವವನಿಗೆ ನೋಂದಣಿಯ ಹಂಗು ಎಲ್ಲಿಯದು? ಅವನ ಮೇಲೆ ದೂರು ಕೊಡಬಹುದು, 2018ರ ನಿಯಮಾವಳಿಗೆ 2025ರ ಫೆಬ್ರುವರಿಯಲ್ಲಾದ ತಿದ್ದುಪಡಿಯಿಂದ ದೂರಿನ ಅವಧಿ 3 ದಿನದಿಂದ 7 ದಿನಕ್ಕೆ ಏರಿದೆ, ಆದರೆ ದೂರಿಗೆ ಕರೆ ಬಂದ ಸಂಖ್ಯೆಯೂ ದಿನಾಂಕವೂ ಬೇಕು. ನಮ್ಮ ಹಳೆಯ ಫೋನಿಗೆ ಸಂಖ್ಯೆ ತೋರಿಸುವ ಪರದೆಯೇ ಇಲ್ಲ. ಕ್ಯಾಲೆಂಡರಿನ ಗೀಟನ್ನು ದೂರೆಂದು ಯಾರೂ ಸ್ವೀಕರಿಸುವುದಿಲ್ಲ.

ಹೀಗಾಗಿ ಸಂಖ್ಯೆಯನ್ನು ಓದುವ ಯಂತ್ರವೊಂದು ಬೇಕೆಂಬುದು ಸ್ಪಷ್ಟವಾಯಿತು. ಓದಿದ ಮೇಲೆ ಏನು ಮಾಡಬೇಕೆಂಬುದರಲ್ಲಿ ಮಾತ್ರ ನನ್ನ ಮೊದಲ ಯೋಚನೆ ತಪ್ಪಿತ್ತು. ಕೆಟ್ಟ ಸಂಖ್ಯೆಗಳ ಪಟ್ಟಿಯೊಂದನ್ನು ಬೆಳೆಸುತ್ತಾ ಹೋದರೆ ಸಾಕೆಂದುಕೊಂಡಿದ್ದೆ. ಆದರೆ ಇವತ್ತಿನ ಸಂಖ್ಯೆ ನಾಳೆ ಬರುವುದಿಲ್ಲ, ನಾಳೆಯದು ಪಟ್ಟಿಯಲ್ಲಿ ಇರುವುದಿಲ್ಲ. ಮನೆಗೆ ನಿಜವಾಗಿ ಫೋನು ಮಾಡುವವರಾದರೋ ಎಣಿಸಿದರೆ ನೂರು ಮಂದಿಯೂ ಆಗಲಾರರು. ನಮ್ಮ ತೋಟದ ಬೇಲಿಗೆ ದಣಪೆ ಇದೆ. ದನಕ್ಕೆ ಅದು ಗೋಡೆ, ಮನುಷ್ಯನಾದವನು ಗಳ ಸರಿಸಿ ಒಳಗೆ ಬರುತ್ತಾನೆ. ಗುರುತಿನವರ ಕರೆ ನೇರವಾಗಿ ರಿಂಗಾಗಬೇಕು, ಗುರುತಿಲ್ಲದವರು ಒಂದು ಗಳ ಸರಿಸುವಷ್ಟು ಕಷ್ಟಪಡಬೇಕು, 140ರವರು ಬೇಲಿಯಾಚೆಯೇ ಉಳಿಯಬೇಕು ಎಂಬುದು ಕಡೆಗೆ ನಿಂತ ತೀರ್ಮಾನ.

ಸಾಮಗ್ರಿಗಳಲ್ಲಿ ಮುಖ್ಯವಾದವು ಎರಡು: ಮೇಜಿನ ಖಾನೆಯಲ್ಲಿ ಬಿದ್ದಿದ್ದ ರಾಸ್ಪ್‌ಬೆರಿ ಪೈ 3 ಎಂಬ ಅಂಗೈಯಗಲದ ಕಂಪ್ಯೂಟರು ಮತ್ತು ಸೆಕೆಂಡ್ ಹ್ಯಾಂಡಿನಲ್ಲಿ ತರಿಸಿದ, ಫೋನಿನ ಲೈನನ್ನು ಕಂಪ್ಯೂಟರಿಗೆ ಬೆಸೆಯುವ ಯುಎಸ್‌ಬಿ ವಾಯ್ಸ್ ಮೋಡೆಮ್. ಮೋಡೆಮ್ ಕೊಳ್ಳುವವರು ‘ವಾಯ್ಸ್’ ಎಂಬ ಮಾತನ್ನು ಖಾತ್ರಿ ಮಾಡಿಕೊಳ್ಳಬೇಕು, ಬರೀ ಡೇಟಾ-ಫ್ಯಾಕ್ಸ್ ಮೋಡೆಮಿನಿಂದ ಧ್ವನಿ ಕೇಳಿಸಲಾಗದು. ಫೈಬರ್ ಪೆಟ್ಟಿಗೆಯ ಹಿಂದಿನ ಟೆಲಿಫೋನ್ ಕಿಂಡಿಗೆ ಎರಡು ಕವಲಿನ ಸ್ಪ್ಲಿಟರ್ ಹಾಕಿ ಒಂದು ಕವಲಿಗೆ ಫೋನನ್ನೂ ಇನ್ನೊಂದಕ್ಕೆ ಮೋಡೆಮನ್ನೂ ಜೋಡಿಸಿದೆ. ಮೀಟರು ಇಟ್ಟು ನೋಡಿದಾಗ ಸುಮ್ಮನಿರುವ ಲೈನಿನಲ್ಲಿ 47 ವೋಲ್ಟ್ ಡಿಸಿ ಇತ್ತು. ಇದು ನಿರಪಾಯವೆಂದು ಬರಿಗೈಯಲ್ಲಿ ತಂತಿ ಹೆಣೆಯಲು ಹೋಗಬಾರದು. ರಿಂಗು ಬರುವಾಗ ಅದರ ಮೇಲೆ ಇನ್ನೂ ಹೆಚ್ಚಿನ ಎಸಿ ವೋಲ್ಟೇಜ್ ಏರುತ್ತದೆ. ನಾನು ತಂತಿಯ ತುದಿ ಹಿಡಿದಿದ್ದಾಗಲೇ ತಂಗಿ ಬೆಂಗಳೂರಿನಿಂದ ಫೋನು ಮಾಡಿದಳು, ಮೊಳಕೈಯವರೆಗೆ ಜುಮ್ಮೆಂದಿತು.

ಮೊದಲ ಶನಿವಾರ ಮೋಡೆಮಿಗೆ ‘ಎಟಿ+ವಿಸಿಐಡಿ=1’ ಎಂಬ ಆಜ್ಞೆ ಕೊಟ್ಟು ನನ್ನ ಮೊಬೈಲಿನಿಂದ ಕರೆ ಮಾಡಿಸಿ ಕಾದರೆ, ಪರದೆಯ ಮೇಲೆ ‘ರಿಂಗ್’, ‘ರಿಂಗ್’ ಎಂದು ಬರುತ್ತಿತ್ತೇ ಹೊರತು ಸಂಖ್ಯೆ ಬರಲಿಲ್ಲ. ಮೋಡೆಮ್ ಕೆಟ್ಟಿದೆಯೆಂದು ಅರ್ಧ ರಾತ್ರಿ ಅದನ್ನೇ ಬಯ್ದೆ. ನಿಜವಾದ ಕಾರಣ ಬೇರೆ ಇತ್ತು. ಕರೆ ಮಾಡಿದವರ ಸಂಖ್ಯೆ ಲೈನಿನ ಮೇಲೆ ಎರಡು ರೀತಿಯಲ್ಲಿ ಬರಬಹುದು: ಗುಂಡಿ ಒತ್ತಿದಾಗ ಕೇಳುವ ಸ್ವರಗಳ ರೂಪದಲ್ಲಿ, ಅಂದರೆ ಡಿಟಿಎಂಎಫ್‌ನಲ್ಲಿ, ಅಥವಾ ಮೊದಲ ಮತ್ತು ಎರಡನೆಯ ರಿಂಗಿನ ನಡುವಿನ ಮೌನದಲ್ಲಿ, ಸೆಕೆಂಡಿಗೆ 1200 ಬಿಟ್‌ನಂತೆ ಓಡುವ ಎಫ್‌ಎಸ್‌ಕೆ ಸಂಕೇತವಾಗಿ. ನನ್ನ ಮೋಡೆಮಿಗೆ ಎರಡನೆಯದು ಮಾತ್ರ ತಿಳಿಯುತ್ತದೆ, ನಮ್ಮ ಪೆಟ್ಟಿಗೆ ಮೊದಲನೆಯದನ್ನು ಕಳುಹಿಸುತ್ತಿತ್ತು. ತಾಮ್ರದ ಕಾಲದಲ್ಲಾಗಿದ್ದರೆ ಎಕ್ಸ್‌ಚೇಂಜು ಕೊಟ್ಟದ್ದನ್ನು ತೆಗೆದುಕೊಳ್ಳುವುದಷ್ಟೇ ನಮ್ಮ ಹಣೆಬರಹ. ಫೈಬರಿನಲ್ಲಿ ಈ ಸಂಕೇತವನ್ನು ಹುಟ್ಟಿಸುವುದು ಮನೆಯೊಳಗಿನ ಪೆಟ್ಟಿಗೆಯೇ ಆದ್ದರಿಂದ, ಫೈಬರ್ ಹಾಕಿಕೊಟ್ಟ ಹುಡುಗ ಮುಂದಿನ ವಾರ ಬಂದು ಸೆಟ್ಟಿಂಗಿನ ಒಂದು ಸಾಲನ್ನು ಬದಲಿಸಿ, ಚಹಾ ಕುಡಿದು ಹೋದ. ಕೂಡಲೇ ದಿನಾಂಕ, ಸಮಯ, ಸಂಖ್ಯೆ ಮೂರೂ ಸಾಲಾಗಿ ಮೂಡಿದವು.

ಗುರುತಿನವರ ಪಟ್ಟಿಗೆ ಆಧಾರ ಆಯಿಯ ಫೋನು ಡೈರಿ. ಅದರಲ್ಲಿ ಹೆಸರಿಗಿಂತ ಸಂಬಂಧಗಳೇ ಹೆಚ್ಚು: ‘ಸಣ್ಣ ಮಾವ’, ‘ಹಾಲಿನ ಡೈರಿ’, ‘ಭಟ್ಟರು ಹೊಸಾದು’. ಕೆಲವು ಕಡೆ ಎಸ್‌ಟಿಡಿ ಕೋಡು ಇಲ್ಲದ ಆರಂಕಿ, ಕೆಲವು ಕಡೆ ಸೊನ್ನೆ ಸೇರಿಸಿದ ಹನ್ನೊಂದಂಕಿ. ಮೋಡೆಮ್ ಕೊಡುವ ಸಂಖ್ಯೆಯೂ ಒಂದೇ ತೆರನಾಗಿರಲಿಲ್ಲ. ಕೆಲವಕ್ಕೆ ಮುಂದೆ ಸೊನ್ನೆ ಇತ್ತು, ಕೆಲವಕ್ಕೆ 91. ಒಂದು ಅನುಕೂಲವೆಂದರೆ ನಮ್ಮ ದೇಶದಲ್ಲಿ ಸೊನ್ನೆ ಬಿಟ್ಟ ಎಸ್‌ಟಿಡಿ ಕೋಡನ್ನೂ ಸ್ಥಳೀಯ ಸಂಖ್ಯೆಯನ್ನೂ ಕೂಡಿಸಿದರೆ ಹತ್ತೇ ಅಂಕಿ ಆಗುತ್ತದೆ: 8384 ಮತ್ತು ಆರು. ಆದ್ದರಿಂದ ಎಲ್ಲ ಸಂಖ್ಯೆಗಳ ಕೊನೆಯ ಹತ್ತು ಅಂಕಿಗಳನ್ನು ಮಾತ್ರ ಇಟ್ಟುಕೊಂಡು ಹೋಲಿಸಿದರೆ ಮೊಬೈಲೂ ಸರಿ, ಲ್ಯಾಂಡ್‌ಲೈನೂ ಸರಿ, ಅಮೆರಿಕದಲ್ಲಿರುವ ಅಣ್ಣನ ಸಂಖ್ಯೆಯೂ ಸರಿ, ಏಕೆಂದರೆ ಅಲ್ಲಿಯೂ ದೇಶದ ಕೋಡು ಕಳೆದರೆ ಉಳಿಯುವುದು ಹತ್ತಂಕಿ. ಈ ಕತ್ತರಿಸುವಿಕೆಗೂ ಮೊದಲೇ 140ರ ಪರೀಕ್ಷೆಯನ್ನು ಇಟ್ಟಿದ್ದು ನನ್ನ ಪೆದ್ದುತನ. 0140 ಎಂದು ಬಂದ ಕರೆಗಳು ಒಂದು ವಾರ ನಿರಾತಂಕವಾಗಿ ನುಸುಳಿದವು. ಪೈಥಾನ್ ಭಾಷೆಯಲ್ಲಿ ಬರೆದ ಕಾರ್ಯಕ್ರಮದ ಎರಡು ಸಾಲುಗಳನ್ನು ಅದಲು ಬದಲು ಮಾಡಿದ ಮೇಲೆ ಅದು ನಿಂತಿತು.

ಗುರುತಿಲ್ಲದವರಿಗೆ ಕೇಳಿಸುವ ಮಾತನ್ನು ತಂಗಿಯ ದನಿಯಲ್ಲಿ ಮುದ್ರಿಸಿಕೊಂಡೆವು: “ನಮಸ್ಕಾರ. ಮನೆಯವರೊಂದಿಗೆ ಮಾತನಾಡಬೇಕಾದರೆ ದಯವಿಟ್ಟು ಒಂದನ್ನು ಒತ್ತಿ.” ಹಂಚಿನ ಮಾಡಿನ ಮೇಲೆ ಮಳೆ ಬೀಳುವಾಗ ಮಾಡಿದ ಮೊದಲ ಮುದ್ರಣವನ್ನು ಎಸೆಯಬೇಕಾಯಿತು, ಕೊನೆಗೆ ಬಟ್ಟೆಯ ಕಪಾಟಿನೊಳಗೆ ತಲೆ ಹಾಕಿ ಹೇಳಿಸಿದೆ. ಸಂದೇಶ ಕನ್ನಡದಲ್ಲಿ ಮಾತ್ರ ಇದೆ, ಇದು ಉದ್ದೇಶಪೂರ್ವಕ. ನಮ್ಮ ಮನೆಯಲ್ಲಿ ನಿಜವಾದ ಕೆಲಸವಿರುವ ಅಪರಿಚಿತ, ಅಂದರೆ ಗ್ಯಾಸಿನವನು, ಕೊರಿಯರಿನವನು, ಸಿಮ್ ಬದಲಿಸಿದ, ಅಡಿಕೆ ಕೊನೆ ಇಳಿಸುವ ಕೊನೆಗೌಡ, ಕನ್ನಡ ಬಲ್ಲವನೇ ಆಗಿರುತ್ತಾನೆ. ಕಂಪ್ಯೂಟರು ಸಾಲಾಗಿ ಸಂಖ್ಯೆ ಒತ್ತಿ ಮಾಡುವ ಕರೆಗೆ ಯಾವ ಭಾಷೆಯೂ ತಿಳಿಯದು.

ಆದರೆ ಈ ಸಂದೇಶ ಪ್ರತಿ ಸಲವೂ ‘ದಯವಿಟ್ಟು’ ಎಂಬಲ್ಲಿಯೇ ತುಂಡಾಗುತ್ತಿತ್ತು. ಕಡತ ಕೆಟ್ಟಿರಲಿಲ್ಲ, ಕಂಪ್ಯೂಟರಿನಲ್ಲಿ ಪೂರ್ತಿ ಕೇಳುತ್ತಿತ್ತು. ಎರಡು ಭಾನುವಾರ ಕಳೆದ ಮೇಲೆ ಹೊಳೆದ ಕಾರಣವನ್ನು ವಿವರವಾಗಿ ಬರೆಯುತ್ತೇನೆ, ಇದೇ ದಾರಿ ಹಿಡಿದವರಿಗೆ ಎರಡು ಭಾನುವಾರ ಉಳಿಯಲಿ. ಮೋಡೆಮಿಗೆ ಧ್ವನಿಯನ್ನು ಸೆಕೆಂಡಿಗೆ 8000 ಬೈಟುಗಳಾಗಿ, ಒಂದೊಂದೂ 0ರಿಂದ 255ರೊಳಗಿನ ಸಂಖ್ಯೆಯಾಗಿ ಕಳುಹಿಸುತ್ತೇವೆ. ಮೌನವೆಂದರೆ 128ರ ಆಸುಪಾಸು, ದನಿ ಏರಿದಷ್ಟೂ ಸಂಖ್ಯೆಗಳು ಎರಡೂ ಅಂಚಿಗೆ ಹೋಗುತ್ತವೆ. ಇದೇ ಹರಿವಿನಲ್ಲಿ 16 ಎಂಬ ಬೈಟು ಬಂದರೆ ಮೋಡೆಮ್ ಅದನ್ನು ಧ್ವನಿಯೆಂದು ತಿಳಿಯದೆ ‘ಮುಂದೆ ಆಜ್ಞೆ ಇದೆ’ ಎಂಬ ಸೂಚನೆಯಾಗಿ ಓದುತ್ತದೆ, ಅದರ ಬೆನ್ನಿಗೆ 3 ಬಂದರೆ ‘ಧ್ವನಿ ಮುಗಿಯಿತು’ ಎಂದರ್ಥ. ತಂಗಿ ‘ದಯವಿಟ್ಟು’ ಎಂಬುದನ್ನು ಒತ್ತಿ ಹೇಳಿದ್ದಳು. ಅಲ್ಲಿ ಅಲೆ ಕೆಳ ಅಂಚಿಗೆ ಇಳಿಯುವಾಗ 16, 3 ಎಂಬ ಜೋಡಿ ತಾನಾಗಿ ಹುಟ್ಟಿಕೊಂಡಿತ್ತು. ಧ್ವನಿಯೊಳಗಿನ ಪ್ರತಿ 16ನ್ನೂ ಎರಡೆರಡು ಸಲ ಕಳುಹಿಸಿದರೆ ಮೋಡೆಮ್ ಅದನ್ನು ಧ್ವನಿಯೆಂದೇ ಸ್ವೀಕರಿಸುತ್ತದೆ. ಅಷ್ಟು ಮಾಡಿದ ಮೇಲೆ ದಯವಿಟ್ಟು ಪೂರ್ತಿಯಾಯಿತು.

ಮೊದಲ ರೂಪದಲ್ಲಿ ಫೋನಿನ ಗಂಟೆಯನ್ನು ಅದರ ತಳದ ಸ್ವಿಚ್ಚಿನಿಂದಲೇ ಮುಚ್ಚಿ, ಪೈಗೆ ಒಂದು ಬಾಗಿಲ ಗಂಟೆಯನ್ನು ಜೋಡಿಸಿದ್ದೆ. ಗುರುತಿನ ಕರೆ ಬಂದರೆ ಪೈ ಆ ಗಂಟೆಯನ್ನು ಬಾರಿಸುತ್ತದೆ, ಇಲ್ಲವಾದರೆ ಮನೆಯಲ್ಲಿ ಸದ್ದೇ ಇಲ್ಲ. ಮೊದಲ ಸೋಮವಾರ ರಾತ್ರಿ ನಾನು ಹುಬ್ಬಳ್ಳಿಯಿಂದ ವಿಚಾರಿಸಿದಾಗ ಆಯಿ, “ತಮಾ, ಬೆಳಿಗ್ಗೆಯಿಂದ ಫೋನೇ ಬಂಜಿಲ್ಲೆ” ಎಂದಳು. ಅದನ್ನು ಹೊಗಳಿಕೆಯೆಂದು ತಿಳಿದು ಸಂತೋಷಪಟ್ಟೆ.

ಮೂರನೆಯ ವಾರ ಮಂಗಳವಾರ ರಾತ್ರಿ ಗುಡುಗಿನ ಜೊತೆ ಕರೆಂಟು ಹತ್ತಾರು ಸಲ ಹೋಗಿ ಬಂದು ಪೈನ ಎಸ್‌ಡಿ ಕಾರ್ಡ್ ಕೆಟ್ಟಿತು. ಫೋನಿನ ಗಂಟೆ ಮುಚ್ಚಿದೆ, ಬಾಗಿಲ ಗಂಟೆ ಬಾರಿಸುವವನು ಸತ್ತಿದ್ದಾನೆ; ಬುಧ, ಗುರು ಎರಡು ದಿನ ಮನೆಗೆ ಯಾವ ಕರೆಯೂ ಕೇಳಲಿಲ್ಲ. ಆ ಎರಡು ದಿನಗಳಲ್ಲೇ ಆಯಿಯ ತವರಿನಲ್ಲಿ ಒಬ್ಬರು ತೀರಿಕೊಂಡಿದ್ದರು. ಸುದ್ದಿ ಬೈಕಿನಲ್ಲಿ ಬಂದ ಹುಡುಗನಿಂದ ತಿಳಿಯಿತು, ಅಷ್ಟರಲ್ಲಿ ದಹನವಾಗಿ ಹೋಗಿತ್ತು. ಆಯಿ ನನಗೆ ಏನೂ ಹೇಳಲಿಲ್ಲ. ಅಪ್ಪ ಮಾತ್ರ ಶನಿವಾರ ನಾನು ಬಂದು ಕೈಕಾಲು ತೊಳೆಯುವ ಮೊದಲೇ, ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುವುದಾದರೆ ಏಣಿ ಕೊಟ್ಟಿಗೆಯಲ್ಲಿದೆ ಎಂದ.

ತಪ್ಪು ಎಸ್‌ಡಿ ಕಾರ್ಡಿನದಲ್ಲ. ಯಂತ್ರ ಕೆಟ್ಟಾಗ ಫೋನೂ ಕೆಡುವಂತೆ ಕಟ್ಟಿದ್ದು ನನ್ನ ತಪ್ಪು. ಕೆಟ್ಟರೆ ಫೋನು ಹಳೆಯ ಫೋನೇ ಆಗಿ ಉಳಿಯುವಂತೆ ಇರಬೇಕಿತ್ತು. ಎರಡನೆಯ ರೂಪದಲ್ಲಿ ಫೋನಿನ ಗಂಟೆಯನ್ನು ಮತ್ತೆ ತೆರೆದು, ಅದಕ್ಕೆ ಹೋಗುವ ಎರಡು ತಂತಿಗಳಲ್ಲಿ ಒಂದನ್ನು ಕತ್ತರಿಸಿ 5 ವೋಲ್ಟಿನ ರಿಲೇಯ, ಅಂದರೆ ವಿದ್ಯುತ್ತಿನಿಂದ ಎಳೆಯುವ ಸ್ವಿಚ್ಚಿನ, ಮೂಲಕ ಹಾಯಿಸಿದೆ. ರಿಲೇಗೆ ವಿದ್ಯುತ್ ಇಲ್ಲದಾಗ ಕೂಡಿಕೊಂಡಿರುವ ಸಂಪರ್ಕವನ್ನೇ ಬಳಸಿದ್ದರಿಂದ, ಪೈ ಬದುಕಿ ರಿಲೇಯನ್ನು ಎಳೆದಿಟ್ಟಿರುವಷ್ಟು ಹೊತ್ತು ಫೋನು ಲೈನಿನಿಂದ ಬೇರೆಯಾಗಿರುತ್ತದೆ. ಗುರುತಿನ ಕರೆ ಬಂದರೆ ಪೈ ರಿಲೇಯನ್ನು ಬಿಡುತ್ತದೆ, ಫೋನು ಹೊಡೆದುಕೊಳ್ಳುತ್ತದೆ. ಪೈ ಸತ್ತರೆ, ಕರೆಂಟು ಹೋದರೆ, ತಂತಿ ಕಿತ್ತರೆ ರಿಲೇ ‘ಟಕ್’ ಎಂದು ಬಿದ್ದು ಫೋನು ಲೈನಿಗೆ ಸೇರುತ್ತದೆ. ಪೈನ ಕಾಲಿನಿಂದ ರಿಲೇಗೆ ನೇರವಾಗಿ ಕರೆಂಟು ಕೊಡಬಾರದು, ಅದು ತಾಳುವುದಿಲ್ಲ. ನಡುವೆ ಬಿಸಿ337 ಟ್ರಾನ್ಸಿಸ್ಟರ್, ಅದರ ಬೇಸಿಗೆ 1 ಕಿಲೋಓಮ್, ಬೇಸಿನಿಂದ ನೆಲಕ್ಕೆ 10 ಕಿಲೋಓಮ್, ರಿಲೇಯ ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡ್ ಇವೆ. ಪೈ ಇನ್ನೂ ಏಳುತ್ತಿರುವಾಗ ರಿಲೇ ತಾನಾಗಿ ಎಳೆಯದಂತೆ ನೋಡಿಕೊಳ್ಳುವುದು ಆ 10 ಕಿಲೋಓಮ್. ದಿನವಿಡೀ ಎಳೆದೇ ಇರುವ ರಿಲೇ ಕೈಯಿಟ್ಟರೆ ಬೆಚ್ಚಗಿರುತ್ತದೆ. ಅದು ಅದರ ಸ್ವಭಾವ, ಗಾಬರಿಯಾಗಬೇಕಾದುದಿಲ್ಲ.

ಹೀಗೆ ಮಾಡಿದರೆ ಇನ್ನೊಂದು ತೊಡಕು ಹುಟ್ಟುತ್ತದೆ. ಆಯಿ ತಾನಾಗಿ ಯಾರಿಗಾದರೂ ಫೋನು ಮಾಡಲು ರಿಸೀವರ್ ಎತ್ತಿದರೆ ಡಯಲ್ ಟೋನೇ ಇರುವುದಿಲ್ಲ, ಏಕೆಂದರೆ ತಂತಿ ಕತ್ತರಿಸಿದಂತಿದೆ. ಇದಕ್ಕೆ ಬಾಗಿಲ ಅಲಾರಮ್ಮಿನ ಆಯಸ್ಕಾಂತದ ಸ್ವಿಚ್ ಸಹಾಯಕ್ಕೆ ಬಂತು. ಸ್ವಿಚ್ಚನ್ನು ಫೋನಿನ ಮೈಯೊಳಗೆ, ರಿಸೀವರಿನ ಕಿವಿಯ ತುದಿ ಕೂರುವ ಗುಳಿಯ ಅಡಿಗೆ ಅಂಟಿಸಿ, ಗುಂಡನೆಯ ಸಣ್ಣ ಆಯಸ್ಕಾಂತವನ್ನು ರಿಸೀವರಿಗೆ ಅಂಟಿಸಿದೆ. ರಿಸೀವರಿನ ಸ್ಪೀಕರಿನಲ್ಲೇ ಆಯಸ್ಕಾಂತವಿದೆಯಲ್ಲ, ಅದೇ ಸಾಕಾದೀತೆಂದು ಮೊದಲು ಪರೀಕ್ಷಿಸಿದೆ. ನಾಲ್ಕರಲ್ಲಿ ಮೂರು ಸಲ ಹಿಡಿಯಿತು, ನಾಲ್ಕನೆಯ ಸಲ ಕೈಕೊಟ್ಟಿತು. ಈಗ ರಿಸೀವರ್ ಎತ್ತಿದ ಕೂಡಲೇ ಸ್ವಿಚ್ ಬಿಡುತ್ತದೆ, ಪೈ ರಿಲೇಯನ್ನು ಬಿಡುತ್ತದೆ, ಕಿವಿಗೆ ಹಿಡಿಯುವಷ್ಟರಲ್ಲಿ ಟೋನು ಬಂದಿರುತ್ತದೆ. ಸ್ವಿಚ್ಚಿನ ತಂತಿ ಕಿತ್ತುಹೋದರೂ ರಿಸೀವರ್ ಎತ್ತಿದಂತೆಯೇ ಲೆಕ್ಕ, ಫೋನು ಲೈನಿನಲ್ಲೇ ಉಳಿಯುತ್ತದೆ.

ಬಾಗಿಲ ಗಂಟೆಯನ್ನು ತೆಗೆಯಲಿಲ್ಲ. ಗುರುತಿಲ್ಲದವನ ಕರೆಯನ್ನು ಮೋಡೆಮ್ ಎತ್ತಿಕೊಂಡ ಮೇಲೆ ಲೈನಿನಲ್ಲಿ ರಿಂಗು ಇರುವುದಿಲ್ಲ. ಅವನು ಒಂದನ್ನು ಒತ್ತಿದರೆ ಮನೆಯವರನ್ನು ಕರೆಯಲು ಬೇರೆ ಗಂಟೆಯೇ ಬೇಕು. ಇದರಿಂದ ಎರಡು ಬಗೆಯ ಸದ್ದುಗಳಾದವು. ಫೋನು ಹೊಡೆದರೆ ಗುರುತಿನವರು, ಆಯಿ ಓಡುತ್ತಾಳೆ. ಬಾಗಿಲ ಗಂಟೆಯಾದರೆ ಯಾರೋ ಬೇರೆಯವರು, ಕೈ ತೊಳೆದುಕೊಂಡು ಹೋಗುತ್ತಾಳೆ. ಅವಳು ರಿಸೀವರ್ ಎತ್ತಿದಾಗ ಮೊದಲು ರಿಲೇ ಬಿಡಬೇಕು, ಫೋನು ಲೈನನ್ನು ಹಿಡಿದ ಅರ್ಧ ಸೆಕೆಂಡಿನ ಅನಂತರ ಮೋಡೆಮ್ ಕೈಬಿಡಬೇಕು. ಈ ಕ್ರಮವನ್ನು ತಿರುಗಾಮುರುಗ ಬರೆದಿದ್ದರಿಂದ ಮೊದಲ ದಿನ ಒಂದನ್ನು ಒತ್ತಿದ ಪ್ರತಿಯೊಬ್ಬರ ಕರೆಯೂ ಎತ್ತುವ ಗಳಿಗೆಗೇ ಕತ್ತರಿಸಿಹೋಯಿತು.

ಉಳಿದ ಭದ್ರತೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪೈನೊಳಗೇ ಇರುವ ವಾಚ್‌ಡಾಗನ್ನು ಚಾಲೂ ಮಾಡಿದ್ದೇನೆ; ಕಾರ್ಯಕ್ರಮ ಸ್ತಬ್ಧವಾಗಿ 15 ಸೆಕೆಂಡು ಮಾತಾಡದಿದ್ದರೆ ಅದು ಪೈಯನ್ನು ತಾನೇ ಮರುಚಾಲನೆಗೊಳಿಸುತ್ತದೆ. ಎಸ್‌ಡಿ ಕಾರ್ಡನ್ನು ಓವರ್‌ಲೇ ವಿಧಾನದಲ್ಲಿ ಓದಲು ಮಾತ್ರ ಬರುವಂತೆ ಮಾಡಿ, ಕರೆಗಳ ದಾಖಲೆಯನ್ನೂ ಗುರುತಿನವರ ಪಟ್ಟಿಯನ್ನೂ ಬೇರೆ ಪೆನ್‌ಡ್ರೈವಿಗೆ ಹಾಕಿದ್ದೇನೆ. ಫೈಬರ್ ಪೆಟ್ಟಿಗೆ, ಪೈ ಎರಡೂ ಇನ್ವರ್ಟರಿನ ಮೇಲಿವೆ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟು ಬರುತ್ತಿತ್ತು, ಮನೆ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಫೈಬರಿನಲ್ಲಿ ಆ ಸುಖವಿಲ್ಲ.

ಭಾನುವಾರ ಬೆಳಿಗ್ಗೆ ಪೆನ್‌ಡ್ರೈವಿನ ಪಟ್ಟಿ ನೋಡಿ, ವಾರದೊಳಗೆ ಕಾಟ ಕೊಟ್ಟ ಹತ್ತಂಕಿಯ ಸಂಖ್ಯೆಗಳನ್ನು ದಿನಾಂಕ ಸಮೇತ 1909ಕ್ಕೆ ಹೇಳುವುದು ಈಗ ನನ್ನ ಕೆಲಸವಾಗಿದೆ. ದುಡ್ಡು ಕಳೆದುಕೊಳ್ಳುವಂಥ ಮೋಸದ ಕರೆಯಾದರೆ 1909 ಅಲ್ಲ, 1930 ಎಂದು ಫೋನಿನ ಪಕ್ಕದ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ದೊಡ್ಡಪ್ಪ ಒಮ್ಮೆ ಬೇರೆಯವರ ಮೊಬೈಲಿನಿಂದ ಕರೆ ಮಾಡಿ ತಂಗಿಯ ದನಿ ಕೇಳಿದವನೇ, ನೀನು ಯಾವಾಗ ಊರಿಗೆ ಬಂದೆ ಎಂದು ವಿಚಾರಿಸುತ್ತಾ ನಿಂತಿದ್ದನಂತೆ. ಅವನಂಥವರಿಗಾಗಿ ಸಂದೇಶವನ್ನು ಮೂರು ಸಲ ಹೇಳಿಸುತ್ತೇನೆ.

ಕೊನೆಗೆ ಸೇರಿಸಿದ್ದು ಪೈ ಇರುವ ಪೆಟ್ಟಿಗೆಯ ಮೇಲಿನ ಹಸಿರು ಗುಂಡಿ. ಮಾತು ಮುಗಿದ ಮೇಲೆ ಅದನ್ನು ಒತ್ತಿದರೆ ಕೊನೆಯ ಕರೆಯ ಸಂಖ್ಯೆ ಗುರುತಿನವರ ಪಟ್ಟಿಗೆ ಸೇರುತ್ತದೆ. ಕೊನೆಗೌಡನ ಮೂರನೆಯ ಸಿಮ್ಮು, ಹೊಸ ಲೈನ್‌ಮನ್ನು, ಭಟ್ಟರ ಮಗ ಎಲ್ಲರೂ ಹೀಗೆ ಒಳಗೆ ಬಂದರು. ಕಳೆದ ಭಾನುವಾರ ಪಟ್ಟಿ ನೋಡುವಾಗ ಯಾರೆಂದು ತಿಳಿಯದ ಒಂದು ಸಂಖ್ಯೆ ಕಂಡು ಆಯಿಯನ್ನು ಕೇಳಿದೆ. ವಿಮೆಯ ಹುಡುಗನಂತೆ. ಕನ್ನಡದಲ್ಲಿ ಚಂದವಾಗಿ ಮಾತಾಡಿದ, ಹಾವೇರಿಯ ಕಡೆಯವನು, ವಿಮೆ ಬೇಡವೆಂದರೂ ಅಡಿಕೆಯ ದರ ವಿಚಾರಿಸಿದ ಎಂದಳು. ಗುಂಡಿಯನ್ನು ಐದು ಸೆಕೆಂಡು ಒತ್ತಿ ಹಿಡಿದರೆ ಸೇರಿಸಿದ್ದು ಅಳಿಯುವಂತೆ ಬರುವ ಶನಿವಾರ ಬರೆಯಬೇಕೆಂದಿದ್ದೇನೆ. ಆಯಿ ಅದನ್ನು ಒತ್ತುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು.